ಪಿಯರ್ಸ್ ದ್ವೀಪದ ಹೆಸರುಗಳನ್ನು ಕೊಡಿ: ಕೆನಡಾದ ನ್ಯಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನ್ಯಾಯ ಸಚಿವರಿಗೆ,
ಕೆನಡಾ ಸರ್ಕಾರ, ಒಟ್ಟಾವಾ.

ನಮಸ್ಕಾರ.

ನಾನು ಸಿಡ್ನಿಯಲ್ಲಿ ಇರುವವಳು. ಆಸ್ಟ್ರೇಲಿಯಾದ ಸಿಡ್ನಿ ಅಲ್ಲ. ಚನ್ನರಾಯಪಟ್ಟಣದಲ್ಲಿರುವ ನಮ್ಮ ದೊಡ್ಡಪ್ಪನಿಗೆ ಇದನ್ನು ಹನ್ನೊಂದು ವರ್ಷದಿಂದ ಹೇಳುತ್ತಾ ಇದ್ದೇನೆ. ಅವರು ಈಗಲೂ ಕಾಂಗರೂ ನೋಡಿದೆಯಾ ಅಂತ ಕೇಳುತ್ತಾರೆ. ನಮ್ಮ ಸಿಡ್ನಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ, ವ್ಯಾಂಕೂವರ್ ದ್ವೀಪದ ಒಂದು ತುದಿಯಲ್ಲಿದೆ. ಸಣ್ಣ ಊರು. ವಯಸ್ಸಾದವರ ಮನೆಗೆ ಹೋಗಿ ಅವರ ಊಟ, ಔಷಧಿ, ಓಡಾಟ ನೋಡಿಕೊಳ್ಳುವುದು ನನ್ನ ಕೆಲಸ.

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದು ನಮ್ಮವರೂ ಓದಲಿ ಅಂತ. ಅದೂ ಅಲ್ಲದೆ ಕನ್ನಡ ನಿಮಗೆ ಪೂರ್ತಿ ಅಪರಿಚಿತವೂ ಅಲ್ಲ. 2022ರ ಮೇ ತಿಂಗಳಲ್ಲಿ ತುಮಕೂರು ಕಡೆಯ ಚಂದ್ರ ಆರ್ಯ ಅವರು ನಿಮ್ಮ ಸಂಸತ್ತಿನಲ್ಲೇ ಎದ್ದು ನಿಂತು ಕನ್ನಡ ಮಾತಾಡಿದ್ದರು. ಆ ವಿಡಿಯೊವನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮೂರ ಹತ್ತಿರದ ಪಿಯರ್ಸ್ ದ್ವೀಪಕ್ಕೆ ನಿಮ್ಮ ಸರ್ಕಾರ ಹಿಂದೊಮ್ಮೆ ಕೈದಿಗಳಾಗಿ ಕಳಿಸಿದ ಜನರ ಹೆಸರು ಕೇಳಲು ಈ ಪತ್ರ.

ನಾನು ನೋಡಿಕೊಳ್ಳುವ ಅಜ್ಜಿಯೊಬ್ಬರಿದ್ದಾರೆ. ಎಂಬತ್ತು ದಾಟಿದೆ. ಹೆಸರು ಹೇಳಬೇಡ ಅಂದಿದ್ದಾರೆ, ಹಾಗಾಗಿ ಹೇಳುವುದಿಲ್ಲ. ಅವರ ಜನರಲ್ಲಿ ಅಜ್ಜಿಗೆ 'ಬಾಬಾ' ಅನ್ನುತ್ತಾರೆ. ಮೊದಮೊದಲು ನನಗೆ ನಗು ಬರುತ್ತಿತ್ತು. ನಮ್ಮ ಕಡೆ ಬಾಬಾ ಅಂದರೆ ಗಡ್ಡ ಬಿಟ್ಟವರೇ ಕಣ್ಣ ಮುಂದೆ ಬರುವುದು, ಅಲ್ವಾ. ಈಗ ನಾನೂ ಅವರನ್ನು ಬಾಬಾ ಅಂತಲೇ ಕರೆಯುತ್ತೇನೆ.

ಬಾಬಾ ಡೂಕೊಬೋರ್ ಪಂಗಡದವರು. ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಮಾಂಸ ತಿನ್ನುವುದಿಲ್ಲ ಅಂದೆ. 'ನಾವೂ ತಿನ್ನಲ್ಲ, ನೂರು ವರ್ಷದ ಮೇಲಾಯ್ತು' ಅಂದರು. ಎಲೆಕೋಸು, ಆಲೂಗಡ್ಡೆ, ಟೊಮೆಟೊ, ಬೆಣ್ಣೆ, ಕೆನೆ ಹಾಕಿ ಬೋರ್ಷ್ ಮಾಡಿಕೊಟ್ಟರು. ನಮ್ಮ ಸಾರಿನ ದೂರದ ನೆಂಟ ಅನ್ನಬಹುದು. ಒಗ್ಗರಣೆ ಇರಲಿಲ್ಲ, ಅಷ್ಟೇ.

ಅವರ ಮಗ ನೀರಿನ ಆಚೆ ದಡದ ವ್ಯಾಂಕೂವರ್ ನಗರದ ಕಡೆ ಇದ್ದಾರೆ. ತಿಂಗಳಿಗೊಮ್ಮೆ ನಾನು ಬಾಬಾ ಜೊತೆ ಸ್ವಾರ್ಟ್ಜ್ ಬೇಯಲ್ಲಿ ಫೆರಿ ಹತ್ತಿ ಹೋಗಿ ಬರುತ್ತೇನೆ. ಫೆರಿ ನಿಲ್ದಾಣದ ಎದುರಿಗೇ ಒಂದು ಪುಟ್ಟ ದ್ವೀಪ ಕಾಣುತ್ತದೆ. ದಟ್ಟ ಮರಗಳು, ದಡದಲ್ಲಿ ಒಳ್ಳೊಳ್ಳೆ ಮನೆಗಳು, ಮನೆಯವರ ದೋಣಿಗಳು. ನೋಡಿದರೆ ಒಂದು ವಾರ ಇದ್ದು ಬರೋಣ ಅನ್ನಿಸುತ್ತದೆ. ಅದೇ ಪಿಯರ್ಸ್ ದ್ವೀಪ. ಮೊದಲ ಸಲ ಹೋದಾಗ ನಾನು ಫೋನ್ ತೆಗೆದು ಫೋಟೊ ಹಿಡಿದೆ. ಬಾಬಾ ನನ್ನ ಕೈ ಮೇಲೆ ಕೈ ಇಟ್ಟರು. 'ನಮ್ಮಜ್ಜಿ ಅಲ್ಲಿ ಜೈಲಲ್ಲಿದ್ದಳು' ಅಂದರು.

ಅವತ್ತು ನನಗೆ ಅರ್ಥವೇ ಆಗಲಿಲ್ಲ. ಈ ದ್ವೀಪದಲ್ಲಿ ಜೈಲು ಎಲ್ಲಿಂದ ಬಂತು? ಆಮೇಲೆ ಓದಿದೆ, ಕ್ಯಾಸಲ್‌ಗಾರ್‌ನಲ್ಲಿರುವ ಅವರ ವಸ್ತುಸಂಗ್ರಹಾಲಯಕ್ಕೂ ಹೋಗಿ ಬಂದೆ. ನಿಮಗೆ ಗೊತ್ತಿರುವ ಸಂಗತಿಗಳೇ ಇರಬಹುದು. ಆದರೂ ಬರೆಯುತ್ತೇನೆ. ನನ್ನ ಓದುಗರಿಗೆ ಗೊತ್ತಿಲ್ಲ.

ಡೂಕೊಬೋರರು ಮೂಲತಃ ರಷ್ಯಾದ ರೈತರು. ಹೆಸರು ಬಂದಿದ್ದು ಬೈಗುಳವಾಗಿ. 1785ರಲ್ಲಿ ಒಬ್ಬ ಆರ್ಚ್‌ಬಿಷಪ್ ಇವರನ್ನು 'ಪವಿತ್ರಾತ್ಮದ ಜೊತೆ ಗುದ್ದಾಡುವವರು' ಅಂತ ಕರೆದ. ಇವರು ಆ ಹೆಸರನ್ನೇ ಇಟ್ಟುಕೊಂಡು, 'ಹೌದು, ಆತ್ಮದ ಬಲದಿಂದ ಗುದ್ದಾಡುವವರು' ಅಂದರು. ಗುಡಿ ಬೇಡ, ಪಾದ್ರಿ ಬೇಡ, ಪಟ ಬೇಡ. ದೇವರು ಪ್ರತಿ ಮನುಷ್ಯನ ಒಳಗಿದ್ದಾನೆ. ಅದಕ್ಕೇ ಪ್ರಾರ್ಥನೆಯಲ್ಲಿ ಒಬ್ಬರಿಗೊಬ್ಬರು ಬಾಗಿ ನಮಸ್ಕರಿಸುತ್ತಾರೆ. ಮೇಜಿನ ಮೇಲೆ ರೊಟ್ಟಿ, ಉಪ್ಪು, ನೀರು. ವಾದ್ಯವಿಲ್ಲ, ಬರೀ ಗಂಟಲು. ಒಳಗೆ ದೇವರಿರುವ ಮನುಷ್ಯನನ್ನು ಕೊಲ್ಲುವುದು ಹೇಗೆ? ಹಾಗಾಗಿ ಸೈನ್ಯಕ್ಕೆ ಸೇರುವುದಿಲ್ಲ ಅಂದರು. 1895ರ ಬೇಸಿಗೆಯಲ್ಲಿ ಕಾಕಸಸ್ ಕಡೆ ತಮ್ಮ ಬಂದೂಕು, ಕತ್ತಿಗಳನ್ನೆಲ್ಲ ರಾಶಿ ಹಾಕಿ ಸುಟ್ಟರು. ತ್ಸಾರ್ ದೊರೆಯ ಕೊಸಾಕ್ ಸೈನಿಕರು ಚಾವಟಿಯಲ್ಲಿ ಹೊಡೆದರು. ಊರು ಬಿಡಿಸಿದರು. ತುಂಬಾ ಜನ ಸತ್ತರು.

ಆಗ ಟಾಲ್‌ಸ್ಟಾಯ್ ತಮ್ಮ ಒಂದು ಕಾದಂಬರಿಯ ಹಣವನ್ನೇ ಕೊಟ್ಟು ಇವರನ್ನು ಹಡಗು ಹತ್ತಿಸಲು ನೆರವಾದರು. ಇದೇ ಟಾಲ್‌ಸ್ಟಾಯ್ ಹೆಸರಿನಲ್ಲಿ ಗಾಂಧೀಜಿ 1910ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆಶ್ರಮ ಕಟ್ಟಿದ್ದು. ನಾವು ಶಾಲೆಯಲ್ಲಿ ಓದಿದ ಸತ್ಯಾಗ್ರಹಕ್ಕೂ ಬಾಬಾ ಅಡುಗೆಮನೆಗೂ ನಡುವೆ ಒಂದು ಸಣ್ಣ ಕಾಲುದಾರಿ ಇದೆ ಅಂತ ಗೊತ್ತಾದಾಗ ನನಗೆ ಖುಷಿಯಾಯಿತು.

1899ರಲ್ಲಿ ಸುಮಾರು 7,500 ಜನ ಕೆನಡಾಕ್ಕೆ ಬಂದರು. ಕರೆದದ್ದು ನಿಮ್ಮ ಸರ್ಕಾರ. ಸೈನ್ಯದ ಕೆಲಸ ಬೇಡ ಅಂತ 1898ರ ಡಿಸೆಂಬರಿನಲ್ಲಿ ಬರೆದು ಕೊಟ್ಟಿದ್ದೂ ನಿಮ್ಮ ಸರ್ಕಾರ. ಪ್ರೈರಿ ಬಯಲಲ್ಲಿ ಜಮೀನು ಕೊಟ್ಟರು. ಅವರು ಉತ್ತರು, ಬಿತ್ತರು, ಹಳ್ಳಿ ಕಟ್ಟಿದರು. ಆಮೇಲೆ ಒಂದೊಂದೇ ಷರತ್ತು ಬಂತು. ಜಮೀನನ್ನು ಒಬ್ಬೊಬ್ಬರ ಹೆಸರಿಗೆ ಬರೆಸಿಕೊಳ್ಳಿ, ದೊರೆಗೆ ನಿಷ್ಠೆಯ ಪ್ರಮಾಣ ಮಾಡಿ. ಎಲ್ಲವೂ ಎಲ್ಲರದ್ದು ಅನ್ನುವ ಜನ ಅದಕ್ಕೆ ಒಪ್ಪಲಿಲ್ಲ. 1907ರಲ್ಲಿ ಹೆಚ್ಚಿನ ಜಮೀನು ಕೈತಪ್ಪಿತು. ಮುಂದಿನ ವರ್ಷದಿಂದ ಸಾವಿರಾರು ಜನ ಗಂಟುಮೂಟೆ ಕಟ್ಟಿ ಬ್ರಿಟಿಷ್ ಕೊಲಂಬಿಯಾದ ಕೂಟನಿ ಕಣಿವೆಗೆ ಬಂದರು.

ಅವರಲ್ಲೇ ಒಂದು ಸಣ್ಣ ಗುಂಪು 'ಸನ್ಸ್ ಆಫ್ ಫ್ರೀಡಮ್', ಸ್ವಾತಂತ್ರ್ಯದ ಮಕ್ಕಳು. ಇವರು ಸರ್ಕಾರದ ಶಾಲೆ ಬೇಡ, ಜನನ ಮರಣದ ನೋಂದಣಿ ಬೇಡ, ಜಮೀನಿಗೆ ಪತ್ರ ಬೇಡ ಅಂದವರು. ಪ್ರತಿಭಟನೆಗೆ ಬಟ್ಟೆ ಬಿಚ್ಚಿ ನಡೆದರು. ಚರ್ಮ ದೇವರು ಕೊಟ್ಟಿದ್ದು, ಬಟ್ಟೆ ಮನುಷ್ಯ ಹೊಲಿದದ್ದು ಅನ್ನುವುದು ಅವರ ಮಾತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾನು ಅವರನ್ನು ಹೊಗಳಲು ಬಂದಿಲ್ಲ. ಆ ಗುಂಪಿನವರು ಶಾಲೆಗಳಿಗೆ ಬೆಂಕಿ ಇಟ್ಟಿದ್ದಾರೆ. ಮುಂದೆ ಬಾಂಬುಗಳನ್ನೂ ಇಟ್ಟಿದ್ದಾರೆ. ಅದರ ಬಿಸಿ ಜಾಸ್ತಿ ತಟ್ಟಿದ್ದು ಪಕ್ಕದ ಮನೆಯ ಡೂಕೊಬೋರರಿಗೇ. ಬೆಂಕಿ ಎಂದೂ ಇಡದ, ಬಟ್ಟೆ ಎಂದೂ ಬಿಚ್ಚದ ಡೂಕೊಬೋರರೇ ಹೆಚ್ಚಿನವರು, ಅವರಿಗೆ ಇವತ್ತಿಗೂ ಈ ಹೆಸರು ಕೇಳಿದರೆ ಇರುಸುಮುರುಸು. ಬಾಬಾ ಕೂಡ ಇದನ್ನು ಮುಚ್ಚಿಡುವುದಿಲ್ಲ. 'ನಮ್ಮವರದ್ದೂ ತಪ್ಪಿತ್ತು' ಅಂತ ನೇರವಾಗಿ ಹೇಳುತ್ತಾರೆ. ಆದರೆ ಪಿಯರ್ಸ್ ದ್ವೀಪಕ್ಕೆ ಅವರನ್ನು ಕಳಿಸಿದ್ದು ಬೆಂಕಿಗಾಗಿ ಅಲ್ಲ. ಬೆಂಕಿ ಇಟ್ಟವರಿಗೆ ಬೆಂಕಿಯ ಕಾನೂನು ಮೊದಲೇ ಇತ್ತು. ಇವರನ್ನು ಕಳಿಸಿದ್ದು ಬೆತ್ತಲೆ ನಿಂತದ್ದಕ್ಕೆ.

ಅದಕ್ಕೊಂದು ಕಾನೂನು ಬೇಕಾಯಿತು. 1931ರಲ್ಲಿ ಒಟ್ಟಾವಾ ದಂಡ ಸಂಹಿತೆಯನ್ನು ತಿದ್ದಿತು. ಸಾರ್ವಜನಿಕ ಜಾಗದಲ್ಲಿ ಬೆತ್ತಲೆ ಕಂಡರೆ ಮೂರು ವರ್ಷದ ಜೈಲು. ಪ್ರಧಾನಿ ಆರ್. ಬಿ. ಬೆನೆಟ್. ನಿಮ್ಮ ಕುರ್ಚಿಯಲ್ಲಿ ಆಗ ಕೂತಿದ್ದವರು ಹ್ಯೂ ಗತ್ರಿ. ಮರುವರ್ಷ, 1932ರ ಮೇ ತಿಂಗಳಲ್ಲಿ, ಥ್ರಮ್ಸ್ ಅನ್ನುವ ಹಳ್ಳಿಯ ಸುತ್ತಮುತ್ತ ನೂರಾರು ಜನ ಬಟ್ಟೆ ಬಿಚ್ಚಿ ಮೆರವಣಿಗೆ ಹೊರಟರು. ಹಿಡಿದರು. ಸುಮಾರು 600 ಗಂಡಸರು ಹೆಂಗಸರಿಗೆ ಶಿಕ್ಷೆಯಾಯಿತು. ಮೂರು ವರ್ಷ.

ಈ ಮೂರು ವರ್ಷ ಅನ್ನುವುದು ಸುಮ್ನೆ ಬಂದ ಲೆಕ್ಕ ಅಲ್ಲ ಅಂತ ನನಗೆ ಅನ್ನಿಸುತ್ತದೆ. ನಿಮ್ಮಲ್ಲಿ ಎರಡು ವರ್ಷಕ್ಕಿಂತ ಕಡಿಮೆ ಶಿಕ್ಷೆಯಾದರೆ ಪ್ರಾಂತ್ಯದ ಜೈಲು. ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿಯಾದರೆ ಕೇಂದ್ರದ ಜೈಲು. ಮೂರು ವರ್ಷ ಅಂದ ತಕ್ಷಣ ಆ 600 ಜನರೂ ಒಟ್ಟಾವಾದ ಕೈದಿಗಳಾದರು. ನ್ಯೂ ವೆಸ್ಟ್‌ಮಿನ್‌ಸ್ಟರ್‌ನಲ್ಲಿದ್ದ ಕೇಂದ್ರದ ಜೈಲು ಅಷ್ಟು ಜನಕ್ಕೆ ಸಾಲುತ್ತಿರಲಿಲ್ಲ. ಅದಕ್ಕೇ ಸಮುದ್ರದ ನಡುವಿನ ಈ ಪುಟ್ಟ ದ್ವೀಪ ಹುಡುಕಿ, ಅವರಿಗಾಗಿಯೇ ಒಂದು ಜೈಲು ಎಬ್ಬಿಸಿದರು. ಗಂಡಸರಿಗೆ ಒಂದು ಆವರಣ, ಹೆಂಗಸರಿಗೆ ಇನ್ನೊಂದು. ಸುತ್ತ ಎತ್ತರದ ಮುಳ್ಳುತಂತಿ. ಅದರ ಸುತ್ತ ನೀರು. ನಮ್ಮ ಅಜ್ಜಂದಿರ ಬಾಯಲ್ಲಿ ಕಾಲಾಪಾನಿ ಅನ್ನುವ ಪದ ಇತ್ತು, ಅಂಡಮಾನಿನ ಜೈಲಿಗೆ. ಇದು ಅಷ್ಟು ದೂರದ್ದಲ್ಲ. ದಡದಿಂದ ಕಾಣುವಷ್ಟು ಹತ್ತಿರ.

ಕಾನೂನು ಒಟ್ಟಾವಾದ್ದು. ಜೈಲು ಒಟ್ಟಾವಾದ್ದು. ಮುಳ್ಳುತಂತಿಯ ದುಡ್ಡೂ ಒಟ್ಟಾವಾದ್ದು. ಈ ಪತ್ರ ಪ್ರಾಂತ್ಯದ ರಾಜಧಾನಿ ವಿಕ್ಟೋರಿಯಾಕ್ಕೆ ಹೋಗದೆ ನಿಮಗೆ ಬರುತ್ತಿರುವುದು ಅದಕ್ಕೇ.

ತಂದೆ ತಾಯಿ ಇಬ್ಬರೂ ದ್ವೀಪಕ್ಕೆ ಹೋದರೆ ಮಕ್ಕಳು? 365 ಮಕ್ಕಳನ್ನು ಪ್ರಾಂತ್ಯ ತನ್ನ ವಶಕ್ಕೆ ತೆಗೆದುಕೊಂಡಿತು. ವರ್ಷಕ್ಕೆಷ್ಟು ದಿನವೋ ಅಷ್ಟು ಮಕ್ಕಳು. ಅನಾಥಾಲಯಗಳಿಗೆ, ತಪ್ಪು ಮಾಡಿದ ಮಕ್ಕಳನ್ನು ಇಡುವ ಶಾಲೆಗಳಿಗೆ, ಗುರುತುಪರಿಚಯ ಇಲ್ಲದವರ ಮನೆಗಳಿಗೆ ಹಂಚಿದರು. ಇಂಗ್ಲಿಷ್ ಬಾರದ, ಮಾಂಸ ಮುಟ್ಟದ ಹಳ್ಳಿ ಮಕ್ಕಳು. ಬಾಬಾ ತಾಯಿಗೆ ಆಗ ಆರು ವರ್ಷ. ವ್ಯಾಂಕೂವರಿನ ಅನಾಥಾಲಯವೊಂದರಲ್ಲಿ ಇದ್ದಳಂತೆ. ತಾಯಿ ಬದುಕಿದ್ದಾಳೆ, ತಂದೆ ಬದುಕಿದ್ದಾನೆ, ಮಗು ಅನಾಥ. 1933ರಲ್ಲಿ ಮಕ್ಕಳನ್ನು ಬೇರೆ ಡೂಕೊಬೋರ್ ಮನೆಗಳಿಗೆ ಬಿಟ್ಟುಕೊಟ್ಟರು. ಬಾಬಾ ಅಜ್ಜಿ ದ್ವೀಪದಿಂದ ವಾಪಸ್ ಬಂದಾಗ ಬಾಬಾ ಅಮ್ಮ ಅವಳನ್ನು ಗುರುತು ಹಿಡಿಯಲಿಲ್ಲ, ಪಕ್ಕದ ಮನೆಯವಳ ಸೆರಗಿನ ಹಿಂದೆ ಅವಿತುಕೊಂಡಳು ಅಂತ ಬಾಬಾ ಹೇಳಿದರು. ಸೆರಗು ಅಂದದ್ದು ನಾನು. ಅವರು ಏಪ್ರನ್ ಅಂದಿದ್ದರು.

ಕತೆ ಅಲ್ಲಿಗೆ ಮುಗಿಯಲಿಲ್ಲ. 1953ರಿಂದ 1959ರವರೆಗೆ ಈ ಗುಂಪಿನ ಸುಮಾರು 200 ಮಕ್ಕಳನ್ನು ಪೊಲೀಸರು ಮತ್ತೆ ಹಿಡಿದರು, ಸರ್ಕಾರಿ ಶಾಲೆಗೆ ಹೋಗುವುದಿಲ್ಲ ಅನ್ನುವ ಕಾರಣಕ್ಕೆ. ಇಟ್ಟದ್ದು ನ್ಯೂ ಡೆನ್ವರ್ ಅನ್ನುವ ಊರಿನ ಹಳೆಯ ಕ್ಷಯರೋಗದ ಆಸ್ಪತ್ರೆಯಲ್ಲಿ. ಆ ಆಸ್ಪತ್ರೆ ಕಟ್ಟಿದ್ದು ಯಾರಿಗೆ ಗೊತ್ತೇ? ಎರಡನೇ ಮಹಾಯುದ್ಧದಲ್ಲಿ ಮನೆ ಕಿತ್ತುಕೊಂಡು ಗುಡ್ಡಕ್ಕೆ ಅಟ್ಟಿದ್ದ ಜಪಾನಿ ಮೂಲದ ಕೆನಡಿಯನ್ನರಿಗೆ. ಒಂದು ಅನ್ಯಾಯ ಖಾಲಿ ಮಾಡಿದ ಕಟ್ಟಡಕ್ಕೆ ಇನ್ನೊಂದು ಅನ್ಯಾಯ ಬಾಡಿಗೆಗೆ ಬಂದ ಹಾಗಾಯಿತು. ಬಾಬಾ ಅಲ್ಲಿದ್ದರು. ಎರಡು ವಾರಕ್ಕೊಮ್ಮೆ ಅಪ್ಪ ಅಮ್ಮ ಬರಬಹುದಿತ್ತು. 1956ರಲ್ಲಿ ತಂತಿ ಬೇಲಿ ಹಾಕಿದ ಮೇಲೆ ಬೇಲಿಯ ಕಿಂಡಿಯಲ್ಲೇ ಮುತ್ತು ಕೊಡಬೇಕಿತ್ತು. 'ಅಮ್ಮನ ಮೂಗು ತಣ್ಣಗಿರುತ್ತಿತ್ತು, ತಂತಿ ಅದಕ್ಕಿಂತ ತಣ್ಣಗೆ' ಅಂದರು ಒಂದು ದಿನ, ಬಟಾಣಿ ಸುಲಿಯುತ್ತಾ. ಮತ್ತೆ ಬಟಾಣಿ ಕಡೆ ನೋಡಿದರು.

ಅಜ್ಜಿ ದ್ವೀಪದಲ್ಲಿ, ತಾಯಿ ಅನಾಥಾಲಯದಲ್ಲಿ, ಮಗಳು ಬೇಲಿಯೊಳಗೆ. ಒಂದೇ ಮನೆಯ ಮೂರು ತಲೆಮಾರು.

ಸಚಿವರೇ, ಪ್ರಾಂತ್ಯ ಸರ್ಕಾರ ಕ್ಷಮೆ ಕೇಳಿದೆ. ತಡವಾಗಿ, ಆದರೂ ಕೇಳಿದೆ. ಅಲ್ಲಿಯ ಒಂಬುಡ್ಸ್‌ಮನ್, ಅಂದರೆ ಸರ್ಕಾರದ ಮೇಲಿನ ಜನರ ದೂರು ವಿಚಾರಿಸುವ ಅಧಿಕಾರಿ, 1999ರಲ್ಲೇ ಕ್ಷಮೆ ಕೇಳಿ ಅಂತ ಬರೆದಿದ್ದರು. 2004ರಲ್ಲಿ 'ವಿಷಾದ' ಬಂತು. ಕ್ಷಮೆ ಬಂದದ್ದು 2024ರ ಫೆಬ್ರವರಿ 1ರಂದು, ಕ್ಯಾಸಲ್‌ಗಾರ್‌ನಲ್ಲಿ, ಪ್ರಾಂತ್ಯದ ಪ್ರೀಮಿಯರ್, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ, ಡೇವಿಡ್ ಈಬಿ ಅವರ ಬಾಯಿಂದ. ಜೊತೆಗೆ 1 ಕೋಟಿ ಡಾಲರಿನ ನೆರವು. ವಿಷಾದದಿಂದ ಕ್ಷಮೆಗೆ ಬರಲು 20 ವರ್ಷ ಹಿಡಿಯಿತು. ಅಷ್ಟರಲ್ಲಿ ಎಷ್ಟು ಬಾಬಾಗಳು ಹೋದರೋ. ನಮ್ಮ ಬಾಬಾ ಆ ಭಾಷಣವನ್ನು ಟ್ಯಾಬಿನಲ್ಲಿ ಕೇಳಿದರು. ಮುಗಿದ ಮೇಲೆ ಟ್ಯಾಬನ್ನು ಮಗುಚಿ ಇಟ್ಟು, 'ನನ್ನ ಲೆಕ್ಕ ಚುಕ್ತಾ. ಅಜ್ಜಿಯದ್ದು?' ಅಂದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಪ್ರಾಂತ್ಯದ ಕ್ಷಮೆಯ ನಡುಮನೆಯಲ್ಲಿ ಇದ್ದವರು ಮಕ್ಕಳು, ಅದು ಸರಿಯೇ. ಆದರೆ ದ್ವೀಪದ ಕೈದಿಗಳು ಪ್ರಾಂತ್ಯದ ಕೈದಿಗಳಲ್ಲ. ಅವರ ಬಗ್ಗೆ ಮಾತಾಡಬೇಕಾದವರು ನೀವು. ಜಪಾನಿ ಮೂಲದವರಿಗೆ 1988ರಲ್ಲಿ ಒಟ್ಟಾವಾ ಕ್ಷಮೆ ಕೇಳಿತು. ಚೀನಿಯರ ಮೇಲೆ ಹಾಕಿದ್ದ ತಲೆಗಂದಾಯಕ್ಕೆ 2006ರಲ್ಲಿ ಕೇಳಿತು. 1914ರಲ್ಲಿ ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ನಿಲ್ಲಿಸಿ ವಾಪಸ್ ಅಟ್ಟಿದ ಕೊಮಗಾಟ ಮಾರು ಹಡಗಿನ 376 ಭಾರತೀಯ ಪ್ರಯಾಣಿಕರಿಗಾಗಿ 2016ರ ಮೇ 18ರಂದು ಸಂಸತ್ತಿನಲ್ಲಿ ಕೇಳಿತು. ಅವತ್ತು ನಾನು ಕೆಲಸದ ಮನೆಯಲ್ಲಿ ಟಿವಿ ಮುಂದೆ ನಿಂತು ಅತ್ತಿದ್ದೆ. ಆ ಹಡಗಿನಲ್ಲಿ ನನ್ನ ನೆಂಟರಿಷ್ಟರು ಯಾರೂ ಇರಲಿಲ್ಲ. ಆದರೂ ಅತ್ತೆ. ಪಿಯರ್ಸ್ ದ್ವೀಪದ 600 ಜನರ ಬಗ್ಗೆ ಒಟ್ಟಾವಾದ ಬಾಯಿಂದ ಅಂಥ ಒಂದು ಮಾತನ್ನು ನಾನು ಇನ್ನೂ ಕೇಳಿಲ್ಲ.

ಮೂರು ವರ್ಷ ಜೈಲು ಅನ್ನುವಾಗ ಅವರ ಕೈಯಲ್ಲಿ ಪ್ರಾಂತ್ಯದ ಮತ ಇತ್ತೇ ಅಂತಲೂ ನೋಡಿ. ಇರಲಿಲ್ಲ. ಪ್ರಾಂತ್ಯ 1919ರಲ್ಲೇ ಡೂಕೊಬೋರರ ಮತ ಕಿತ್ತುಕೊಂಡಿತ್ತು. ಅವರ ಜನ ಇನ್ನೂ ದ್ವೀಪದಲ್ಲಿ ಇರುವಾಗಲೇ, 1934ರಲ್ಲಿ, ಬ್ರಿಟಿಷ್ ಕೊಲಂಬಿಯಾದ ಡೂಕೊಬೋರರ ಮತವನ್ನು ಒಟ್ಟಾವಾವೂ ಕಿತ್ತುಕೊಂಡಿತು. ವಾಪಸ್ ಕೊಟ್ಟದ್ದು 1955ರಲ್ಲಿ. ಭಾರತದಿಂದ ಬಂದವರಿಗೂ ಇದೇ ಪ್ರಾಂತ್ಯದಲ್ಲಿ 1907ರಿಂದ 1947ರವರೆಗೆ ಮತ ಇರಲಿಲ್ಲ. ಅವರ ಕತೆ ನನಗೆ ಬೇಗ ಅರ್ಥವಾಗಲು ಇದೂ ಒಂದು ಕಾರಣ.

ಇನ್ನೊಂದು ಕಾರಣ ಹೇಳಿದರೆ ನೀವು ನಗಬಹುದು. ನಮ್ಮ ಊರಿಂದ ಶ್ರವಣಬೆಳಗೊಳ ಹತ್ತಿರ. ಅಲ್ಲಿ ಬೆಟ್ಟದ ಮೇಲೆ ಗೊಮ್ಮಟ ಸಾವಿರ ವರ್ಷದಿಂದ ಬೆತ್ತಲೆ ನಿಂತಿದ್ದಾನೆ. ಹನ್ನೆರಡು ವರ್ಷಕ್ಕೊಮ್ಮೆ ಅವನ ತಲೆ ಮೇಲೆ ಹಾಲು ಎರೆಯುತ್ತೇವೆ. ಆ ಬೆಟ್ಟದ ಕೆಳಗೆ ರಸ್ತೆಯಲ್ಲಿ ದಿಗಂಬರ ಮುನಿಗಳು ನಡೆದು ಹೋದರೆ ನಮ್ಮ ಅಮ್ಮ ಮಕ್ಕಳನ್ನು ಬದಿಗೆ ನಿಲ್ಲಿಸಿ ಕೈ ಮುಗಿಸುತ್ತಿದ್ದಳು. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಒಂದು ವೈರಾಗ್ಯ, ಇನ್ನೊಂದು ಪ್ರತಿಭಟನೆ. ಆದರೆ ಬಟ್ಟೆ ಇಲ್ಲದ ಮೈ ನೋಡಿದ ತಕ್ಷಣ ಪೊಲೀಸರನ್ನು ಕರೆಯಬೇಕು ಅನ್ನುವುದು ನಾನು ಬೆಳೆದ ಊರಿನ ಬುದ್ಧಿಯಲ್ಲಿ ಇರಲಿಲ್ಲ.

ನಿಮ್ಮ ದೇಶವೂ ಬದಲಾಗಿದೆ. ವ್ಯಾಂಕೂವರಿನ ರೆಕ್ ಬೀಚಿನಲ್ಲಿ ಬಿಸಿಲು ಬಿದ್ದ ದಿನ ಸಾವಿರಾರು ಜನ ಬೆತ್ತಲೆ ಮಲಗಿರುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಆದರೆ ಬೆತ್ತಲೆ ಅಪರಾಧ ಅನ್ನುವ ಆ ಕಲಮು ಈಗಲೂ ನಿಮ್ಮ ದಂಡ ಸಂಹಿತೆಯಲ್ಲಿ ಇದೆ, 174ನೇ ಸಂಖ್ಯೆಯಲ್ಲಿ. ಅದರ ಕೆಳಗೆ ಮೊಕದ್ದಮೆ ಹೂಡಲು ಅಟಾರ್ನಿ ಜನರಲ್ ಒಪ್ಪಿಗೆ ಬೇಕು ಅಂತ ಬರೆದಿದೆ. ಕೇಂದ್ರದ ಅಟಾರ್ನಿ ಜನರಲ್ ಕುರ್ಚಿಯೂ ನಿಮ್ಮದೇ. ಕಲಮನ್ನು ತೆಗೆಯಿರಿ ಅಂತ ಕೇಳುವಷ್ಟು ಕಾನೂನು ನನಗೆ ಗೊತ್ತಿಲ್ಲ. ಅದು ಹುಟ್ಟಿದ್ದು ಯಾರನ್ನು ಹಿಡಿಯಲು ಅನ್ನುವುದನ್ನು ಮಾತ್ರ ನೀವು ಒಮ್ಮೆ ಬಾಯಿಬಿಟ್ಟು ಹೇಳಬೇಕು.

ಈಗ ನನ್ನ ನಿಜವಾದ ಕೋರಿಕೆ.

ಬಾಬಾಗೆ ದುಡ್ಡು ಬೇಡ. ಅವರಿಗೆ ಅಜ್ಜಿಯ ಹೆಸರು ಬೇಕು. ಜೈಲಿನ ದಾಖಲೆ ಪುಸ್ತಕದಲ್ಲಿ ಅಜ್ಜಿಯ ಹೆಸರನ್ನು ಹೇಗೆ ಬರೆದಿದ್ದಾರೆ, ಯಾವತ್ತು ಒಳಗೆ ಬಂದಳು, ಯಾವತ್ತು ಬಿಟ್ಟರು, ಅಷ್ಟು. ಹೋದ ವರ್ಷ ನಾವಿಬ್ಬರೂ ಕೂತು ಒಂದು ಕಚೇರಿಗೆ ಅರ್ಜಿ ಹಾಕಿದೆವು. ಮೂರು ತಿಂಗಳಾದ ಮೇಲೆ ಉತ್ತರ ಬಂತು. 'ಈ ಹೆಸರಿನಲ್ಲಿ ಏನೂ ಸಿಗಲಿಲ್ಲ, ಬೇರೆ ಕಾಗುಣಿತವಿದ್ದರೆ ತಿಳಿಸಿ.' ರಷ್ಯನ್ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದು? ನಾವು ಅಡುಗೆಮನೆ ಮೇಜಿನಲ್ಲಿ ಕೂತು ಹನ್ನೆರಡು ಥರ ಬರೆದೆವು. ಹನ್ನೆರಡನ್ನೂ ಕಳಿಸಿದೆವು. ಆ ಕಷ್ಟ ನನಗೆ ಹೊಸದಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಅಪ್ಪನ ಊರಿನ ಹೆಸರೇ ನನ್ನ ಮನೆತನದ ಹೆಸರಾಗಿ ಕೂತಿದೆ. ಬ್ಯಾಂಕಿನವರು ನನ್ನನ್ನು ಊರಿನ ಹೆಸರಲ್ಲೇ ಕರೆಯುತ್ತಾರೆ. ಆದರೆ ನಾನು ಬದುಕಿದ್ದೇನೆ, ಜಗಳ ಆಡಿ ಸರಿ ಮಾಡಿಸಿಕೊಳ್ಳಬಹುದು.

ಎರಡನೇ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.

ಕಚೇರಿಯಲ್ಲಿ ಕೂತವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಒಂದೊಂದು ಅರ್ಜಿಗೆ ಒಂದೊಂದು ಪೆಟ್ಟಿಗೆ ತೆಗೆದು ನೋಡಬೇಕು. ಕೆಲಸ ತಿರುಗುಮುರುಗಾಗಿದೆ. ಮೊಮ್ಮಕ್ಕಳು ಒಬ್ಬೊಬ್ಬರೇ ಬಂದು ಹೆಸರು ಊಹಿಸಬೇಕಾಗಿಲ್ಲ. ನೀವೇ ಪಟ್ಟಿ ಕೊಡಬೇಕು. ಪಿಯರ್ಸ್ ದ್ವೀಪಕ್ಕೆ ಕಳಿಸಿದ ಪ್ರತಿಯೊಬ್ಬರ ಹೆಸರು, ಊರು, ವಯಸ್ಸು, ಬಿಡುಗಡೆಯ ದಿನ. ಯಾರಾದರೂ ಕೈದಿಯಾಗಿರುವಾಗಲೇ ತೀರಿಕೊಂಡಿದ್ದರೆ ಅವರನ್ನು ಎಲ್ಲಿ ಮಣ್ಣು ಮಾಡಿದರು ಅನ್ನುವುದೂ. ಕೈದಿಗಳ ಗುಟ್ಟು ಕಾಪಾಡಬೇಕು ಅಂತ ನಿಮ್ಮ ಕಡೆಯವರು ಹೇಳಬಹುದು. 1932ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಇವತ್ತು ನೂರಹತ್ತು ದಾಟಿರಬೇಕು. ಯಾರ ಗುಟ್ಟು ಅದು? ಹೆಸರುಗಳನ್ನು ಇಂಗ್ಲಿಷಿನ ಜೊತೆ ರಷ್ಯನ್ ಅಕ್ಷರದಲ್ಲೂ ಬರೆಯಿರಿ. ಕೂಟನಿ ಕಣಿವೆಯಲ್ಲಿ ಆ ಅಕ್ಷರ ಓದಬಲ್ಲವರು ಇನ್ನೂ ಇದ್ದಾರೆ. ಹೆಸರು ನೋಡಿ 'ಇವಳು ಇಂಥ ಮನೆಯವಳು' ಅಂತ ಹೇಳಬಲ್ಲವರೂ ಇದ್ದಾರೆ. ಹತ್ತು ವರ್ಷ ಬಿಟ್ಟರೆ ಇರುವುದಿಲ್ಲ.

ಆ ಪಟ್ಟಿಯನ್ನು ಕೊಡುವಾಗ ಸಂಸತ್ತಿನಲ್ಲಿ ಎದ್ದು ನಿಂತು ಕೊಡಿ. ಪತ್ರಿಕಾ ಪ್ರಕಟಣೆಯಲ್ಲಿ ಬೇಡ. 1931ರಲ್ಲಿ ಕಾನೂನು ಮಾಡಿದ್ದು ಆ ಮನೆಯಲ್ಲೇ ಅಲ್ವಾ.

ಇನ್ನೊಂದು ಸಣ್ಣ ಕೋರಿಕೆ. ಸ್ವಾರ್ಟ್ಜ್ ಬೇಯಲ್ಲಿ ಫೆರಿಗೆ ಕಾಯುವ ಕಡೆ, ದ್ವೀಪ ಕಾಣುವ ಜಾಗದಲ್ಲಿ, ಒಂದು ಫಲಕ ಹಾಕಿಸಿ. ದ್ವೀಪದ ಮೇಲೇ ಹಾಕಿ ಅಂತ ನಾನು ಕೇಳುವುದಿಲ್ಲ. ಈಗ ಅದು ಮನೆ ಮಾಡಿಕೊಂಡವರ ಖಾಸಗಿ ಜಾಗ, ಅವರದ್ದೇನೂ ತಪ್ಪಿಲ್ಲ. ನಾನು ಆ ಫೆರಿಯಲ್ಲಿ ಇಷ್ಟು ವರ್ಷ ಓಡಾಡಿದ್ದೇನೆ. ಪಕ್ಕದಲ್ಲಿ ಕೂತವರನ್ನು ಸುಮ್ನೆ ಕೇಳಿ ನೋಡಿದ್ದೇನೆ, 'ಆ ದ್ವೀಪದಲ್ಲಿ ಏನಿತ್ತು ಗೊತ್ತಾ?' ಅಂತ. ಇಲ್ಲೇ ಹುಟ್ಟಿ ಬೆಳೆದವರೂ ತಲೆ ಅಲ್ಲಾಡಿಸಿದ್ದಾರೆ. ಇದೇ ಕಡಲಲ್ಲಿ ಸ್ವಲ್ಪ ಕೆಳಗೆ ಡಾರ್ಸಿ ದ್ವೀಪವಿದೆ. 1891ರಿಂದ 1924ರವರೆಗೆ ಕುಷ್ಠ ಬಂದ ಚೀನಿಯರನ್ನು ಅಲ್ಲಿ ಒಯ್ದು ಬಿಡುತ್ತಿದ್ದರು. ಇಷ್ಟು ಚೆಂದದ ದ್ವೀಪಗಳು ಬೇಡದವರನ್ನು ಇಡುವ ಜಾಗವಾಗಿದ್ದವು ಅನ್ನುವುದು ತಿಳಿದರೆ ಫೋಟೊ ಹಿಡಿಯುವವರ ಕೈ ಒಂದು ನಿಮಿಷ ನಿಲ್ಲುತ್ತದೆ. ನನ್ನ ಕೈ ನಿಂತ ಹಾಗೆ.

ಬರುವ ಶನಿವಾರ ಬಾಬಾ ಜೊತೆ ಮತ್ತೆ ಫೆರಿ ಹತ್ತುತ್ತೇನೆ. ಅವರ ಚೀಲದಲ್ಲಿ ಎಂದಿನ ಹಾಗೆ ರೊಟ್ಟಿ, ಒಂದು ಚಿಟಿಕೆ ಉಪ್ಪು, ಬಾಟಲಿ ನೀರು ಇರುತ್ತದೆ. ದ್ವೀಪ ಎದುರಿಗೆ ಬಂದಾಗ ಅದರ ಕಡೆ ತಿರುಗಿ ಬಾಗಿ ನಮಸ್ಕರಿಸುತ್ತಾರೆ. ಮಂಡಿ ನೋವು ಜಾಸ್ತಿಯಾಗಿದೆ, ನಾನು ತೋಳು ಹಿಡಿದಿರುತ್ತೇನೆ. ಆಮೇಲೆ ಕೂತು ಕೇಳುತ್ತಾರೆ, 'ಕಾಗದ ಬಂತಾ?'

ನಿಮ್ಮ ಉತ್ತರಕ್ಕೆ ಕಾಯುತ್ತಾ,

ಇಂತಿ,
ಸಿಡ್ನಿಯಲ್ಲಿರುವ, ಚನ್ನರಾಯಪಟ್ಟಣದ ಹೆಣ್ಣುಮಗಳು